ಭಾಷೆ ಬಾರದ್ದೋ, ಕಲಿಕೆ ಬಾರದ್ದೋ: ಗೋವೆಯ ಕನ್ನಡ ಮಕ್ಕಳು ಮತ್ತು ವಿಶೇಷ ಶಿಕ್ಷಣದ ಗುರುತಿಸುವಿಕೆ

1

ಉಪಭಾಷೆಗಳ ಅಧ್ಯಯನ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಚಿತ್ರ ಸಾಮಾನ್ಯವಾಗಿ ಒಂದೇ. ಹಳ್ಳಿಯ ಕಟ್ಟೆಯ ಮೇಲೆ ಕುಳಿತ ವಯಸ್ಸಾದ ವಕ್ತೃ, ಅವನೆದುರು ಪದಪಟ್ಟಿ ಹಿಡಿದು ಕುಳಿತ ಸಂಶೋಧಕ. ಪುಣೆಯ ಡೆಕ್ಕನ್ ಕಾಲೇಜು 1960ರ ದಶಕದಲ್ಲಿ ಗುಲ್ಬರ್ಗಾ, ನಂಜನಗೂಡು ಮೊದಲಾದ ಕಡೆಯ ಕನ್ನಡಗಳ ವರ್ಣನೆಗಳನ್ನು ಪ್ರಕಟಿಸಿದ ಮೇಲೆ ಇಂಥ ಕೆಲಸ ನಮ್ಮಲ್ಲಿ ಸಾಕಷ್ಟು ಬೆಳೆದಿದೆ. ಆದರೆ ಈ ವರ್ಣನೆಗಳು ಯಾರ ಉಪಯೋಗಕ್ಕೆ ಎಂದು ಯಾರಾದರೂ ಕೇಳಿದರೆ ನಾವು 'ಭಾಷಾಶಾಸ್ತ್ರಕ್ಕೆ' ಎಂದು ಹೇಳಿ ಸುಮ್ಮನಾಗುತ್ತೇವೆ. ಈ ಪ್ರಬಂಧದಲ್ಲಿ ಆ ಪ್ರಶ್ನೆಗೆ ಬೇರೊಂದು ಉತ್ತರ ಕೊಡಲು ಪ್ರಯತ್ನಿಸಿದ್ದೇನೆ. ಒಂದು ಮಗುವಿಗೆ ಕಲಿಕೆಯ ನ್ಯೂನತೆ ಇದೆಯೋ, ಅಥವಾ ಅದು ಶಾಲೆಯ ಭಾಷೆಯನ್ನು ಇನ್ನೂ ಕಲಿಯುತ್ತಿದೆಯೋ ಎಂದು ತೀರ್ಮಾನಿಸುವಲ್ಲಿ ಆ ಮಗುವಿನ ಮನೆಮಾತಿನ ವರ್ಣನೆ ಬೇಕೇ ಬೇಕು. ಅದಿಲ್ಲದೆ ಮಾಡಿದ ತೀರ್ಮಾನ ಎರಡು ದಿಕ್ಕಿನಲ್ಲೂ ತಪ್ಪಬಹುದು.

ಕೆಲವು ವರ್ಷಗಳ ಹಿಂದೆ ಗೋವೆಯ ಜುವಾರಿನಗರದ ಒಂದು ಮನೆಗೆ ಹೋಗಿದ್ದೆ. ವಿಜಯಪುರ ಜಿಲ್ಲೆಯಿಂದ ಬಂದ ಕುಟುಂಬ. ತಂದೆ ಕಟ್ಟಡದ ಕೆಲಸ, ತಾಯಿ ಮನೆಮುಂದೆಯೇ ತರಕಾರಿ ಮಾರುವಾಕೆ. ನಾಲ್ಕನೆಯ ತರಗತಿಯಲ್ಲಿದ್ದ ಮಗನನ್ನು 'ಪರೀಕ್ಷೆ ಮಾಡಿಸಿಕೊಂಡು ಬನ್ನಿ' ಎಂದು ಶಾಲೆಯವರು ಚೀಟಿ ಕೊಟ್ಟಿದ್ದರು. ತಾಯಿ ಹೇಳಿದ್ದು ಹೀಗೆ: "ಸಾಲ್ಯಾಗ ಇವಗ ಬುದ್ಧಿ ಕಮ್ಮಿ ಐತಿ ಅಂತಾರ್ರೀ ಸರ. ಮನ್ಯಾಗ ಕಾಯಿಪಲ್ಯಾದ ಲೆಕ್ಕಾ ಎಲ್ಲಾ ಇವನ ಮಾಡ್ತಾನ. ನೂರರ ನೋಟ ಕೊಟ್ರ ಚಿಲ್ರಿ ಎಣಿಸಿ ಕೊಡ್ತಾನ. ಬುದ್ಧಿ ಇಲ್ದಿದ್ರ ಹೆಂಗ ಕೊಡ್ತಾನ್ರೀ?"

ತಾಯಿಯ ಈ ಪ್ರಶ್ನೆಯನ್ನು ತಾಯ್ತನದ ಮಮತೆಯ ಮಾತೆಂದು ತಳ್ಳಿಹಾಕುವುದು ಸುಲಭ. ನಿಜವಾಗಿ ನೋಡಿದರೆ ಅದು ಒಂದು ಸಾಕ್ಷ್ಯ. ಶಾಲೆಯವರು ಕಾಣದ ಭಾಷೆಯಲ್ಲಿ, ಶಾಲೆಯವರು ಕಾಣದ ಜಾಗದಲ್ಲಿ ಹುಡುಗ ಏನು ಮಾಡುತ್ತಾನೆ ಎಂಬುದರ ಸಾಕ್ಷ್ಯ. ಆ ಚೀಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.

2

ಗೋವೆಯ ಕನ್ನಡಿಗರ ಬಗ್ಗೆ ಓದುಗರಿಗೆ ಸ್ಥೂಲವಾಗಿ ಗೊತ್ತಿದ್ದೇ ಇದೆ. 1961ರ ವಿಮೋಚನೆಯ ನಂತರ ಬಂದರು, ಗಣಿ, ರಸ್ತೆ, ಕಟ್ಟಡ, ಮೀನುಗಾರಿಕೆ ಮುಂತಾದ ಕೆಲಸಗಳಿಗೆ ಉತ್ತರ ಕರ್ನಾಟಕದ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಹಾವೇರಿ, ಬೆಳಗಾವಿ, ಕಲಬುರಗಿ ಕಡೆಗಳಿಂದ ಜನ ಹೋದರು. ವಾಸ್ಕೊ, ಬೈನಾ, ಜುವಾರಿನಗರ, ಮಡಗಾಂವ್, ಮಾಪುಸಾ, ಫೋಂಡಾ ಸುತ್ತಮುತ್ತ ನೆಲೆಸಿದರು. 2011ರ ಜನಗಣತಿಯಂತೆ ಗೋವೆಯ ಜನಸಂಖ್ಯೆಯಲ್ಲಿ ನೂರಕ್ಕೆ 4.65ರಷ್ಟು ಜನ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದ್ದಾರೆ. ಇದರಲ್ಲೂ ಒಂದು ಸೂಕ್ಷ್ಮವಿದೆ. ಕರ್ನಾಟಕದಿಂದ ಹೋದವರೆಲ್ಲರ ಮನೆಮಾತು ಕನ್ನಡವಲ್ಲ. ಲಂಬಾಣಿ ಕುಟುಂಬಗಳು ಬಹಳ ಇವೆ, ದಖ್ಖನಿ ಉರ್ದು ಆಡುವ ಕುಟುಂಬಗಳೂ ಇವೆ. ಜನಗಣತಿಯ ವರ್ಗೀಕರಣದಲ್ಲಿ ಲಂಬಾಣಿ ಹಿಂದಿಯ ಲೆಕ್ಕಕ್ಕೆ ಸೇರುತ್ತದೆ. ಶಾಲೆಯ ದಾಖಲೆಯಲ್ಲಿ ಮಾತ್ರ ಆ ಮಗು 'ಕನ್ನಡದವನು'. ಈ ಒಂದು ತಪ್ಪು ಮುಂದೆ ಪರೀಕ್ಷೆಯ ಕೋಣೆಯವರೆಗೂ ಮಗುವಿನ ಜೊತೆಗೆ ಹೋಗುತ್ತದೆ.

ಇನ್ನು ಶಾಲೆಗಳ ಮಾತು. 1987ರ ರಾಜಭಾಷಾ ಕಾಯ್ದೆ ದೇವನಾಗರಿ ಲಿಪಿಯ ಕೊಂಕಣಿಯನ್ನು ಗೋವೆಯ ರಾಜಭಾಷೆಯನ್ನಾಗಿ ಮಾಡಿತು, ಮರಾಠಿಯ ಬಳಕೆಗೂ ಅವಕಾಶ ಕೊಟ್ಟಿತು. 1990ರಲ್ಲಿ ಪ್ರಾಥಮಿಕ ಹಂತದಲ್ಲಿ ದೇಶಭಾಷೆಗಳ ಮಾಧ್ಯಮಕ್ಕೆ ಮಾತ್ರ ಸರ್ಕಾರದ ಅನುದಾನ ಎಂಬ ನಿರ್ಧಾರವಾಯಿತು. 2011ರಲ್ಲಿ ಇಂಗ್ಲಿಷ್ ಮಾಧ್ಯಮಕ್ಕೂ ಅನುದಾನ ದೊರೆಯಿತು. ಈ ವಿಷಯವಾಗಿ ಅಲ್ಲಿ ನಡೆದ ಜಗಳಗಳೆಲ್ಲ ಕೊಂಕಣಿ, ಮರಾಠಿ, ಇಂಗ್ಲಿಷ್ ಈ ಮೂವರ ನಡುವಿನ ಜಗಳಗಳು. ನಾಲ್ಕನೆಯವರಾದ ಕನ್ನಡ ಮಕ್ಕಳು ಆ ಲೆಕ್ಕದಲ್ಲಿ ಇರಲಿಲ್ಲ. ವಾಸ್ಕೊ ಭಾಗದಲ್ಲಿ ಕನ್ನಡ ಮಾಧ್ಯಮದ ಕೆಲವು ಪ್ರಾಥಮಿಕ ಶಾಲೆಗಳು ಇವೆಯಾದರೂ ಎಲ್ಲ ಮಕ್ಕಳಿಗೂ ಅವು ಹತ್ತಿರವಲ್ಲ, ಎಲ್ಲ ತಂದೆತಾಯಿಗಳಿಗೂ ಅವು ಬೇಕಾಗಿಯೂ ಇಲ್ಲ. "ಗೋವಾದಾಗ ಇರೂದು ಅಂದಮ್ಯಾಲೆ ಕೊಂಕಣಿ ಕಲೀಲಿ ಬಿಡ್ರಿ" ಎನ್ನುವವರೇ ಹೆಚ್ಚು. ಅದು ತಪ್ಪೆಂದು ನಾನು ಹೇಳಲಾರೆ.

ಮುಖ್ಯವಾದದ್ದು ಐದನೆಯ ತರಗತಿ. ಗೋವೆಯಲ್ಲಿ ಒಂದರಿಂದ ನಾಲ್ಕರವರೆಗೆ ಕೊಂಕಣಿ ಅಥವಾ ಮರಾಠಿಯಲ್ಲಿ ಓದಿದ ಮಗುವಿಗೂ ಐದನೆಯ ತರಗತಿಯಿಂದ ಸಾಮಾನ್ಯವಾಗಿ ಮಾಧ್ಯಮ ಇಂಗ್ಲಿಷೇ. ಕೊಂಕಣಿ ಮನೆಯ ಮಗುವಿಗೆ ಇದು ಒಂದು ಜಿಗಿತ, ಕನ್ನಡದ ಮಗುವಿಗೆ ಎರಡು. ಆರನೆಯ ವಯಸ್ಸಿಗೆ ಮನೆಯ ಕನ್ನಡದಿಂದ ಶಾಲೆಯ ಕೊಂಕಣಿಗೆ, ಹತ್ತನೆಯ ವಯಸ್ಸಿಗೆ ಕೊಂಕಣಿಯಿಂದ ಇಂಗ್ಲಿಷಿಗೆ. ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರಿಂದ ಹೇಳಿಕೊಂಡು ಬಂದ ಒಂದು ಮಾತು ಇಲ್ಲಿ ಉಪಯುಕ್ತ. ಹೊಸ ಭಾಷೆಯಲ್ಲಿ ಆಟದ ಬಯಲಿನ ಮಾತು ಸುಮಾರು ಎರಡು ವರ್ಷದಲ್ಲಿ ಬರುತ್ತದೆ; ಪಾಠ ಓದಿ, ಅರ್ಥಮಾಡಿಕೊಂಡು, ಉತ್ತರ ಬರೆಯುವ ಭಾಷೆ ಬರಲು ಐದರಿಂದ ಏಳು ವರ್ಷ ಬೇಕು. ನಮ್ಮ ಹುಡುಗನಿಗೆ ಕೊಂಕಣಿಯಲ್ಲಿ ಸಿಕ್ಕಿದ್ದು ನಾಲ್ಕು ವರ್ಷ. ಐದನೆಯ ವರ್ಷ ಬರುವ ಹೊತ್ತಿಗೆ ಭಾಷೆಯೇ ಬದಲಾಯಿತು. ಯಾವ ಭಾಷೆಯಲ್ಲೂ ಅವನಿಗೆ ಪೂರ್ತಿ ಅವಧಿ ದೊರೆಯಲೇ ಇಲ್ಲ. ಹೊರಗಿನಿಂದ ನೋಡುವ ಶಿಕ್ಷಕರಿಗೆ ಮಾತ್ರ, 'ಆಡುವಾಗ ಚೆನ್ನಾಗಿ ಕೊಂಕಣಿ ಮಾತಾಡುತ್ತಾನಲ್ಲ, ಬರೆಯುವಾಗೇಕೆ ಬರುವುದಿಲ್ಲ? ಏನೋ ಕೊರತೆ ಇರಬೇಕು' ಎಂದು ತೋರುತ್ತದೆ. ಅನುಮಾನ ಹುಟ್ಟುವ ಜಾಗ ಇದೇ.

3

ಈಗ ಭಾಷೆಯ ವಿವರಕ್ಕೆ ಬರೋಣ. ಶಿಕ್ಷಕರು ದೋಷವೆಂದು ಗುರುತು ಹಾಕುವ ಅಂಶಗಳಲ್ಲಿ ಬಹುಪಾಲು ಉತ್ತರ ಕರ್ನಾಟಕದ ಕನ್ನಡದ ನಿಯಮಗಳಿಂದ ಮೊದಲೇ ಹೇಳಬಹುದಾದವು.

ಮೊದಲು ಧ್ವನಿ. ಓದುಬರಹವಿಲ್ಲದ ಮನೆಗಳ ಉತ್ತರ ಕನ್ನಡದಲ್ಲಿ ಮಹಾಪ್ರಾಣಗಳಿಲ್ಲ. ಭೂಮಿ 'ಬೂಮಿ', ಧರ್ಮ 'ದರ್ಮ'. ಶಕಾರ ಷಕಾರಗಳು ಸಕಾರವಾಗುತ್ತವೆ. ಶಾಲೆ 'ಸಾಲಿ', ಭಾಷೆ 'ಬಾಸಿ'. ಕೊಂಕಣಿಯಲ್ಲಾದರೆ ಮಹಾಪ್ರಾಣ ಅರ್ಥಭೇದಕ. ಮ್ಹ, ನ್ಹ ಎಂಬಂಥ ಅನುನಾಸಿಕಗಳೂ ಇವೆ. 'ಮ್ಹಾಕಾ ಖಬರ್ ನಾ' (ನನಗೆ ಗೊತ್ತಿಲ್ಲ) ಎನ್ನಬೇಕಾದಲ್ಲಿ ಕನ್ನಡದ ಹುಡುಗ 'ಮಾಕಾ ಕಬರ ನಾ' ಎನ್ನುತ್ತಾನೆ. ಇದನ್ನು ಉಚ್ಚಾರಣೆಯ ದೋಷವೆಂದು ಬರೆದುಕೊಳ್ಳುವವರು ಒಂದು ಸಂಗತಿಯನ್ನು ಮರೆಯುತ್ತಾರೆ: ಗೋವೆಯ ಕ್ರೈಸ್ತರ ಕೊಂಕಣಿಯಲ್ಲೂ 'ಮಾಕಾ' ಎಂದೇ ಬಳಕೆಯಿದೆ. ಒಬ್ಬ ಹುಡುಗನ ಬಾಯಲ್ಲಿ ಅದು ಉಪಭಾಷೆ, ಪಕ್ಕದ ಬೆಂಚಿನ ಹುಡುಗನ ಬಾಯಲ್ಲಿ ಅದು ದೋಷ! ಕೇಳುವ ಕಿವಿಗೆ ಆಡುವವನ ಊರು ಮೊದಲೇ ಗೊತ್ತಿರುವುದರ ಫಲವಿದು.

ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರಾಂತ, ಕೊಂಕಣಿಯ ಎಷ್ಟೋ ಪದಗಳು ವ್ಯಂಜನಾಂತ. ಆದ್ದರಿಂದ ಹುಡುಗ ಪದದ ಕೊನೆಗೆ ಒಂದು ಸ್ವರವನ್ನು ಅಂಟಿಸುತ್ತಾನೆ. ಇಂಗ್ಲಿಷಿನಲ್ಲೂ ಅಷ್ಟೆ, ಬಸ್ಸು, ಪೆನ್ನು. ಪದದ ಮೊದಲಿನ ಎಕಾರಕ್ಕೆ ಯಕಾರ, ಒಕಾರಕ್ಕೆ ವಕಾರ ಸೇರುತ್ತದೆ; ಎಲಿ 'ಯೆಲಿ', ಒಂದು 'ವಂದು', ಹಾಗೆಯೇ ಎಗ್ಗು 'ಯೆಗ್ಗು'. ಎಫ್ ಧ್ವನಿಯ ಜಾಗದಲ್ಲಿ ಪಕಾರ ಬಂದು ಫ್ಯಾನು 'ಪ್ಯಾನು' ಆಗುತ್ತದೆ. ಹುಡುಗ ಕೇಳಿದಂತೆಯೇ ಬರೆಯುವುದರಿಂದ ಎಫ್ ಇರಬೇಕಾದ ಕಡೆ ಪಿ ಅಕ್ಷರ ಬರೆಯುತ್ತಾನೆ. ಕಾಗುಣಿತದ ಪರೀಕ್ಷೆಯಲ್ಲಿ ಇದು 'ಅಕ್ಷರ-ಧ್ವನಿ ಸಂಬಂಧ ತಿಳಿಯದು' ಎಂಬ ಕಲಮಿನಲ್ಲಿ ಹೋಗಿ ಬೀಳುತ್ತದೆ. ವಾಸ್ತವವಾಗಿ ಅವನಿಗೆ ಆ ಸಂಬಂಧ ಚೆನ್ನಾಗಿ ತಿಳಿದಿರುವುದರಿಂದಲೇ ಅವನು ಹಾಗೆ ಬರೆದದ್ದು.

ವ್ಯಾಕರಣದಲ್ಲಿ ಲಿಂಗವೇ ದೊಡ್ಡ ತೊಡಕು. ಕನ್ನಡದ ಲಿಂಗ ಅರ್ಥವನ್ನು ಅವಲಂಬಿಸಿದ್ದು. ಕೊಂಕಣಿಯದು ಪದವನ್ನು ಅವಲಂಬಿಸಿದ್ದು, ಅದೂ ಮೂರು ಲಿಂಗ. 'ಮ್ಹಜೆಂ ಘರ್, ಮ್ಹಜೊ ಹಾತ್, ಮ್ಹಜಿ ಆವಯ್' ಈ ಮೂರಕ್ಕೂ ಕನ್ನಡದಲ್ಲಿ ಒಂದೇ 'ನನ್ನ': ನನ್ನ ಮನಿ, ನನ್ನ ಕೈ, ನಮ್ಮವ್ವ. ಹಾಗಾಗಿ ಕನ್ನಡದ ಮಗು ಮೂರರಲ್ಲಿ ಒಂದು ರೂಪವನ್ನು ಹಿಡಿದುಕೊಂಡು ಎಲ್ಲದಕ್ಕೂ ಅದನ್ನೇ ಹಚ್ಚುತ್ತದೆ. ನಾಲ್ಕು ವರ್ಷವಾದರೂ ಇದು ಪೂರ್ತಿ ಹೋಗುವುದಿಲ್ಲ. ನಮ್ಮಲ್ಲಿ ದೊಡ್ಡವರಾದ ಮೇಲೆ ಹಿಂದಿ ಕಲಿತವರು ಜೀವಮಾನವಿಡೀ 'ಕಾ-ಕೀ' ತಪ್ಪುವುದನ್ನು ನೆನೆದರೆ ಆಶ್ಚರ್ಯವೆನಿಸದು.

ಲಿಪಿಯ ವಿಷಯ ಇನ್ನೂ ಸ್ವಾರಸ್ಯಕರ. ಊರಿನ ಕನ್ನಡ ಶಾಲೆಯಲ್ಲಿ ಒಂದೆರಡು ವರ್ಷ ಓದಿ ಗೋವೆಗೆ ಬಂದ ಮಕ್ಕಳು ಹಲವರಿದ್ದಾರೆ. ಕನ್ನಡದಲ್ಲಿ 'ಕಿ' ಬರೆಯುವಾಗ ಗುಡಿಸು ಅಕ್ಷರದ ತಲೆಯ ಮೇಲೆ ಬರುತ್ತದೆ. ದೇವನಾಗರಿಯಲ್ಲಿ ಹ್ರಸ್ವ ಇಕಾರದ ಚಿಹ್ನೆ ವ್ಯಂಜನದ ಎಡಕ್ಕೆ, ಅಂದರೆ ಮುಂಚೆ ಬರುತ್ತದೆ. ಉಚ್ಚಾರಣೆ ಮಾತ್ರ ನಂತರ. ಎಡದಿಂದ ಬಲಕ್ಕೆ ಓದುವುದನ್ನು ರೂಢಿಸಿಕೊಂಡ ಮಗು ಆ ಚಿಹ್ನೆಯನ್ನು ಹಿಂದಿನ ಅಕ್ಷರಕ್ಕೆ ಸೇರಿಸಿ ಓದುತ್ತದೆ, ಬರೆಯುವಾಗ ವ್ಯಂಜನದ ಬಲಕ್ಕೆ ಹಾಕುತ್ತದೆ. ಕನ್ನಡದ ಒತ್ತಕ್ಷರ ಕೆಳಗೆ ಇಳಿಯುತ್ತದೆ, ದೇವನಾಗರಿಯಲ್ಲಿ ಅರ್ಧಾಕ್ಷರ ಸಾಲಿನಲ್ಲೇ ನಿಲ್ಲುತ್ತದೆ. ಕನ್ನಡದ ಅರ್ಕಾವೊತ್ತು ಅಕ್ಷರದ ನಂತರ, ದೇವನಾಗರಿಯ ರೇಫ ಅಕ್ಷರದ ತಲೆಯ ಮೇಲೆ. ಈ ತಪ್ಪುಗಳನ್ನೆಲ್ಲ ಒಂದು ಹಾಳೆಯಲ್ಲಿ ಕಂಡವರಿಗೆ 'ಅಕ್ಷರಗಳನ್ನು ಹಿಂದುಮುಂದು ಮಾಡುತ್ತಾನೆ' ಎನ್ನಿಸುತ್ತದೆ. ಓದಿನ ನ್ಯೂನತೆಯ ಬಗ್ಗೆ ಒಂದು ದಿನದ ತರಬೇತಿ ಪಡೆದವರ ಮನಸ್ಸಿನಲ್ಲಿ ಉಳಿದಿರುವ ಒಂದೇ ಲಕ್ಷಣ ಅದೇ ಅಲ್ಲವೇ!

ಕನ್ನಡವನ್ನು ಕನ್ನಡದಲ್ಲೇ ಕಲಿಯುವ ಮಗುವಿನ ವೇಗವನ್ನೂ ಇಲ್ಲಿ ನೆನೆಯಬೇಕು. ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಕನ್ನಡದ ಅಕ್ಷರಗಳ ಪೂರ್ಣ ಜ್ಞಾನ ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ. ಇಪ್ಪತ್ತಾರು ಅಕ್ಷರಗಳ ಇಂಗ್ಲಿಷಿನ ಅಳತೆಗೋಲನ್ನು ಕಾಗುಣಿತ, ಒತ್ತಕ್ಷರಗಳ ಲಿಪಿಗೆ ಹಿಡಿದರೆ ಅರ್ಧ ತರಗತಿಯೇ ನ್ಯೂನತೆಯ ಪಟ್ಟಿಗೆ ಸೇರುತ್ತದೆ.

4

ಹಾಗಾದರೆ ಕನ್ನಡದಲ್ಲಿ ಪರೀಕ್ಷೆ ಮಾಡಿದರಾಯಿತು ಎನ್ನಬಹುದು. ಈ ತಿಳಿವು ನಮಗೆ ಹೊಸದೇನೂ ಅಲ್ಲ. ವಿ.ವಿ. ಕಾಮತರು ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಧಾರವಾಡದಲ್ಲಿ ಪರಿಷ್ಕರಿಸಿ 1934ರಲ್ಲಿ ಅದರ ವರದಿ ಪ್ರಕಟಿಸಿದರು. 1940ರಲ್ಲಿ ಪುಸ್ತಕ ಬಂತು. ಮಗುವಿನ ಭಾಷೆಯಲ್ಲೇ ಅಳೆಯಬೇಕೆಂಬ ಅರಿವು ಧಾರವಾಡದಲ್ಲಿ ಅಷ್ಟು ಹಿಂದೆಯೇ ಇತ್ತು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿಂದ 1972ರಲ್ಲಿ ಕನ್ನಡ ಉಚ್ಚಾರಣಾ ಪರೀಕ್ಷೆ ಬಂತು. 2015ರಲ್ಲಿ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಹೊರತಂದ 'ಡಾಲಿ' ಎಂಬ ಓದಿನ ನ್ಯೂನತೆಯ ಪರೀಕ್ಷೆ ಹಿಂದಿ, ಮರಾಠಿ, ಕನ್ನಡ, ಇಂಗ್ಲಿಷ್ ನಾಲ್ಕರಲ್ಲಿ ದೊರೆಯಿತು. ಗೋವೆಯ ಮಗು ದಿನವೂ ಕಲಿಯುವ ಕೊಂಕಣಿ ಆ ನಾಲ್ಕರಲ್ಲಿ ಇಲ್ಲ ಎಂಬುದನ್ನೂ ಗಮನಿಸಬೇಕು.

ಆದರೆ 'ಕನ್ನಡದಲ್ಲಿ' ಎಂದರೆ ಯಾವ ಕನ್ನಡದಲ್ಲಿ? ಚಿತ್ರ ತೋರಿಸಿ ಹೆಸರು ಕೇಳುವ ಪರೀಕ್ಷೆಯನ್ನೇ ತೆಗೆದುಕೊಳ್ಳೋಣ. ಈರುಳ್ಳಿಯ ಚಿತ್ರಕ್ಕೆ ನಮ್ಮ ಹುಡುಗ 'ಉಳ್ಳಾಗಡ್ಡಿ' ಎನ್ನುತ್ತಾನೆ, ಇಲ್ಲವೇ ಗೋವೆಯಲ್ಲೇ ಹುಟ್ಟಿದವನಾದರೆ 'ಕಾಂದೊ' ಎನ್ನುತ್ತಾನೆ. ಕಡಲೆಕಾಯಿಗೆ 'ಸೇಂಗಾ', ಬಟ್ಟೆಗೆ 'ಅರಬಿ', ಕೊಡೆಗೆ 'ಛತ್ರಿ', ಆಲೂಗಡ್ಡೆಗೆ 'ಬಟಾಟಿ'. ಉತ್ತರಪತ್ರಿಕೆಯಲ್ಲಿ ಮೈಸೂರು ಸೀಮೆಯ ಪದ ಮಾತ್ರ ಇದ್ದರೆ ಐದಕ್ಕೆ ಐದೂ ತಪ್ಪು. 'ಮನೆಯಲ್ಲಿ' ಎನ್ನಬೇಕಾದಲ್ಲಿ 'ಮನ್ಯಾಗ', 'ಇದೆ' ಎನ್ನಬೇಕಾದಲ್ಲಿ 'ಐತಿ' ಅಥವಾ 'ಅದ'. ಉಚ್ಚಾರಣೆಯಲ್ಲಿಯೂ ಹಾಗೆಯೇ: ಹಳೆ ಮೈಸೂರಿನ ಹಳ್ಳಿಗಾಡಿನಲ್ಲಿ ಹಾಲು 'ಆಲು' ಆಗುವುದನ್ನು ಅಲ್ಲಿ ತರಬೇತಾದವರು ಉಪಭಾಷೆಯೆಂದು ಗುರುತಿಸುತ್ತಾರೆ. ಅವರಿಗೇ 'ಸಾಲಿ' ಎಂಬ ಸಕಾರ ಕೇಳಿದಾಗ ನಾಲಿಗೆಯ ದೋಷವೋ ಎಂಬ ಅನುಮಾನ ಬರುತ್ತದೆ. ಬೇರೆ ಭಾಷೆಯಲ್ಲಿ ಅಳೆದರೆ ತಪ್ಪೆಂದು ಎಲ್ಲರಿಗೂ ಗೊತ್ತಾಗುತ್ತದೆ. ಅದೇ ಭಾಷೆಯ ಬೇರೆ ಪ್ರಭೇದದಲ್ಲಿ ಅಳೆದ ತಪ್ಪು ಮಾತ್ರ 'ಮಾತೃಭಾಷೆಯಲ್ಲಿ ಪರೀಕ್ಷಿಸಲಾಗಿದೆ' ಎಂಬ ಒಕ್ಕಣೆಯ ಹಿಂದೆ ಅಡಗಿಕೊಳ್ಳುತ್ತದೆ.

ಹೊರದೇಶಗಳಲ್ಲಿ ಈ ಎರಡು ತಪ್ಪುಗಳೂ ನಡೆದಿವೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಪ್ಯಾನಿಷ್ ಮನೆಮಾತಿನ ಮಕ್ಕಳಿಗೆ ಇಂಗ್ಲಿಷಿನಲ್ಲಿ ಬುದ್ಧಿಪರೀಕ್ಷೆ ಮಾಡಿ ಮಂದಬುದ್ಧಿಯವರ ತರಗತಿಗೆ ಹಾಕಿದ್ದರು. ಒಂಬತ್ತು ಮಕ್ಕಳ ಪರವಾಗಿ ದಾವೆ ಹೂಡಲಾಯಿತು. ಸ್ಪ್ಯಾನಿಷಿನಲ್ಲಿ ಮತ್ತೆ ಪರೀಕ್ಷಿಸಿದಾಗ ಅವರಲ್ಲಿ ಬಹುಪಾಲು ಮಕ್ಕಳು ಆ ವರ್ಗಕ್ಕೆ ಸೇರುವವರೇ ಅಲ್ಲ ಎಂದಾಯಿತು. 1970ರ ಡಯಾನಾ ಮೊಕದ್ದಮೆ ಎಂದು ಇದು ಹೆಸರಾಗಿದೆ. ಎರಡನೆಯದು ಇಂಗ್ಲೆಂಡಿನದು, ಉಪಭಾಷಾ ವಿದ್ಯಾರ್ಥಿಗಳಿಗೆ ಹೆಚ್ಚು ಹತ್ತಿರದ್ದು. ವೆಸ್ಟ್ ಇಂಡೀಸಿನಿಂದ ಲಂಡನ್ನಿಗೆ ಬಂದ ಕುಟುಂಬಗಳ ಮಕ್ಕಳು ಆಡುತ್ತಿದ್ದುದು ಒಂದು ಬಗೆಯ ಇಂಗ್ಲಿಷನ್ನೇ, ಆದರೆ ಅದು ಶಾಲೆಯ ಇಂಗ್ಲಿಷಾಗಿರಲಿಲ್ಲ. ಅಲ್ಲಿ ಶಿಕ್ಷಕರಾಗಿದ್ದ ಗ್ರೆನಡಾದ ಬರ್ನಾರ್ಡ್ ಕೋರ್ಡ್ 1971ರಲ್ಲಿ ಬರೆದ ಕಿರುಪುಸ್ತಕದಲ್ಲಿ, ಆ ಮಕ್ಕಳು ಮಂದಬುದ್ಧಿಯವರ ಶಾಲೆಗಳಿಗೆ ಹೇಗೆ ಸಾಗಿಸಲ್ಪಡುತ್ತಿದ್ದಾರೆಂದು ತೋರಿಸಿದರು.

ಅಮೆರಿಕದ ಕಾನೂನು ಆಮೇಲೆ ಒಂದು ಷರತ್ತನ್ನು ಸೇರಿಸಿಕೊಂಡಿತು: ಇಂಗ್ಲಿಷ್ ಸಾಕಷ್ಟು ಬಾರದಿರುವುದೇ ನಿರ್ಣಾಯಕ ಕಾರಣವಾಗಿದ್ದರೆ ಮಗುವನ್ನು ನ್ಯೂನತೆಯುಳ್ಳದ್ದೆಂದು ತೀರ್ಮಾನಿಸುವಂತಿಲ್ಲ. ನಮ್ಮಲ್ಲಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಮೊದಲ ಬಾರಿಗೆ ಪಟ್ಟಿಯಲ್ಲಿ ಸೇರಿಸಿತು. ಅದು ದೊಡ್ಡ ಉಪಕಾರವೇ ಸರಿ. ಓದಲು, ಬರೆಯಲು, ಲೆಕ್ಕ ಮಾಡಲು ತೊಡಕಾಗುವಂತೆ ಭಾಷೆಯನ್ನು ಸಂಸ್ಕರಿಸುವಲ್ಲಿನ ಕೊರತೆ ಎಂದು ಅಲ್ಲಿ ವ್ಯಾಖ್ಯೆಯಿದೆ. ಯಾವ ಭಾಷೆಯನ್ನು ಎಂಬ ಮಾತು ಆ ವ್ಯಾಖ್ಯೆಯಲ್ಲಿಲ್ಲ. 2018ರ ಮಾರ್ಗಸೂಚಿಯಂತೆ ಮೂರನೆಯ ತರಗತಿ ಅಥವಾ ಎಂಟನೆಯ ವಯಸ್ಸಿನಲ್ಲಿ ಶಾಲೆಯಲ್ಲಿ ಮೊದಲ ತಪಾಸಣೆ. ಗೋವೆಯ ಕನ್ನಡ ಮಗುವಿಗೆ ಅದು ಕೊಂಕಣಿಯ ಮೂರನೆಯ ವರ್ಷ. ಕಮಿನ್ಸರ ಲೆಕ್ಕದಲ್ಲಿ ಮಾತು ಬಂದಿದೆ, ಪಾಠದ ಭಾಷೆ ಬಂದಿಲ್ಲ ಎನ್ನುವ ಸರಿಯಾದ ಮಧ್ಯಕಾಲ.

5

ಇಷ್ಟು ಓದಿದವರಿಗೆ 'ಹಾಗಾದರೆ ಕನ್ನಡದ ಮಕ್ಕಳಿಗೆ ನ್ಯೂನತೆಯೇ ಇಲ್ಲವೆಂದು ಹೇಳುತ್ತೀರಾ' ಎನ್ನಿಸಬಹುದು. ಇಲ್ಲ. ಎಲ್ಲ ಜನಗಳಲ್ಲೂ ಇರುವಂತೆ ಅವರಲ್ಲೂ ಇದೆ. ನನ್ನನ್ನು ಹೆಚ್ಚು ಕಾಡುವುದು ಈ ಎರಡನೆಯ ತಪ್ಪೇ.

ವಾಸ್ಕೊದ ಇನ್ನೊಂದು ಮನೆಯ ಹುಡುಗಿ. ಮೊದಲನೆಯ ತರಗತಿಯಿಂದಲೂ ಮಾತು ಕಡಿಮೆ, ಪಾಠ ತಲೆಗೆ ಹತ್ತುತ್ತಿರಲಿಲ್ಲ. ಶಿಕ್ಷಕರು ಒಳ್ಳೆಯವರು, ತಾಳ್ಮೆಯುಳ್ಳವರು. 'ಕನ್ನಡದ ಹುಡುಗಿ, ಭಾಷೆ ಬರುವುದಿಲ್ಲ, ಬರಬರುತ್ತ ಕಲಿಯುತ್ತಾಳೆ' ಎಂದು ಮೂರು ವರ್ಷ ಕಾದರು. ಮನೆಯಲ್ಲಿ ವಿಚಾರಿಸಿದರೆ ಅಜ್ಜಿ ಹೇಳಿದ್ದು ಬೇರೆ: "ಇಕಿ ಮೊದಲಿಂದ ಹಂಗರೀ. ಇಕಿ ತಮ್ಮ ಇಕಿಗಿಂತ ಮೊದಲ ಮಾತಾಡಿದ. ಹಿಂದಿಂದ ಕರದ್ರ ತಿರುಗಿ ನೋಡಂಗಿಲ್ಲ. ಕಿವಿ ಸೋರತಿತ್ತು, ಎಣ್ಣಿ ಹಾಕತಿದ್ದಿವಿ." ಕಿವಿಯ ತಪಾಸಣೆ ಮಾಡಿಸಿದಾಗ ಎರಡೂ ಕಿವಿ ಮಂದವಾಗಿದ್ದವು. ಕನ್ನಡದಲ್ಲೂ ಅವಳಿಗೆ ಮಾತು ಕಡಿಮೆಯೆಂಬುದನ್ನು ಶಾಲೆಯವರು ತಿಳಿಯಲು ಮಾರ್ಗವೇ ಇರಲಿಲ್ಲ. ಅವಳ ಕನ್ನಡವನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಮೊದಲನೆಯ ಹುಡುಗನಿಗೆ ಭಾಷೆಯ ಕಾರಣದಿಂದ ನ್ಯೂನತೆಯ ಹೆಸರು ಬಂತು, ಈ ಹುಡುಗಿಗೆ ಭಾಷೆಯ ನೆಪದಿಂದ ಚಿಕಿತ್ಸೆ ತಪ್ಪಿತು.

ಇವೆರಡನ್ನು ಬೇರ್ಪಡಿಸುವ ಒರೆಗಲ್ಲು ಮನೆಮಾತು. ತೊಂದರೆ ಶಾಲೆಯ ಭಾಷೆಯಲ್ಲಿ ಮಾತ್ರವೇ ಕಂಡರೆ ಅದು ಕಲಿಕೆಯ ಹಂತ. ಮನೆಮಾತಿನಲ್ಲೂ ಕಂಡರೆ ನ್ಯೂನತೆಯ ವಿಚಾರ ಮಾಡಬೇಕು. ಮಗು ಮೊದಲು ಯಾವಾಗ ಮಾತಾಡಿತು, ಅಣ್ಣತಮ್ಮಂದಿರಿಗೆ ಹೋಲಿಸಿದರೆ ಹೇಗೆ, ಮೂರು ಸಾಮಾನು ಹೇಳಿ ಅಂಗಡಿಗೆ ಕಳಿಸಿದರೆ ಮೂರನ್ನೂ ತರುತ್ತದೆಯೇ, ನಿನ್ನೆ ನೋಡಿದ ಸಿನಿಮಾದ ಕತೆಯನ್ನು ಹೇಳುವಾಗ ಮೊದಲು ಆದದ್ದನ್ನು ಮೊದಲು ಹೇಳುತ್ತದೆಯೇ ಎಂದು ತಾಯಿಯನ್ನೋ ಅಜ್ಜಿಯನ್ನೋ ಕೇಳಬೇಕು. ಹೋಲಿಸುವುದಾದರೆ ಪಣಜಿಯ ಮಗುವಿನ ಜೊತೆಗಲ್ಲ, ಅದೇ ಓಣಿಯಲ್ಲಿ ಬೆಳೆದು ಅದೇ ಶಾಲೆಗೆ ಹೋಗುವ ಅದೇ ವಯಸ್ಸಿನ ಮಗುವಿನ ಜೊತೆ. ಇವೆಲ್ಲಕ್ಕೂ ಮೊದಲು ಕಿವಿ, ಕಣ್ಣು ನೋಡಿಸಬೇಕು. ಹಾಜರಿ ಪುಸ್ತಕವನ್ನೂ ನೋಡಬೇಕು. ಸುಗ್ಗಿಗೆ, ಜಾತ್ರೆಗೆ ಊರಿಗೆ ಹೋದ ಮಕ್ಕಳು ತಿಂಗಳುಗಟ್ಟಲೆ ಬರುವುದಿಲ್ಲ. 2004ರಲ್ಲಿ ಬೈನಾ ಕಡಲದಂಡೆಯ ಮನೆಗಳನ್ನು ಕೆಡವಿದಾಗ, 2012ರಲ್ಲಿ ಗಣಿಗಳು ನಿಂತಾಗ ಹೆತ್ತವರ ನೆಲೆಯೂ ಕೆಲಸವೂ ಕದಲಿದ್ದವು. ಶಾಲೆಗೆ ಬಾರದ ದಿನಗಳ ಪಾಠ ಬಾರದಿರುವುದು ನ್ಯೂನತೆಯಲ್ಲ. ಇನ್ನೊಂದು ಸರಳ ಉಪಾಯವೂ ಇದೆ: ಇಂದು ಬರುವುದನ್ನಷ್ಟೇ ಅಳೆಯದೆ, ಐದಾರು ಹೊಸ ಪದಗಳನ್ನು ಕಲಿಸಿ ವಾರ ಬಿಟ್ಟು ಕೇಳಿ ನೋಡುವುದು. ಭಾಷೆ ಮಾತ್ರ ಬಾರದ ಮಗು ಬೇಗ ಹಿಡಿದುಕೊಳ್ಳುತ್ತದೆ.

ದುಭಾಷಿಯ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಪರೀಕ್ಷಿಸುವವರಿಗೆ ಕನ್ನಡ ಬಾರದಿದ್ದಾಗ ಪಕ್ಕದ ಮನೆಯವರನ್ನೋ, ಮೇಲಿನ ತರಗತಿಯ ಹುಡುಗಿಯನ್ನೋ ಕರೆಯುವುದು ವಾಡಿಕೆ. ಅವರು ಪಾಪ, ಮಗುವಿಗೆ ಮರ್ಯಾದೆ ಹೋಗಬಾರದೆಂದು ಅದರ ಮಾತನ್ನು ತಿದ್ದಿ ಹೇಳುತ್ತಾರೆ. ಮಗು "ಅವಾ... ನಾಯಿ... ಓಡ... ಅದು" ಎಂದು ತಡವರಿಸಿದ್ದನ್ನು "ನಾಯಿ ಕಂಡು ಅವ ಓಡಿದ ಅಂತಾನ್ರಿ" ಎಂದು ಚೊಕ್ಕಟ ಮಾಡಿ ಒಪ್ಪಿಸುತ್ತಾರೆ. ನ್ಯೂನತೆಯ ಸಾಕ್ಷ್ಯ ಅಲ್ಲೇ ಅಳಿಸಿಹೋಯಿತು. ಇನ್ನು ಕೆಲವರು ಪ್ರಶ್ನೆಯೊಳಗೇ ಉತ್ತರವನ್ನು ಸೇರಿಸಿ ಕೇಳಿಬಿಡುತ್ತಾರೆ. ದುಭಾಷಿಯಿಂದ ಬೇಕಾದುದು ಅರ್ಥವಲ್ಲ, ಮಗು ಆಡಿದ ಮಾತು ಆಡಿದ ಹಾಗೆಯೇ. ಕ್ಷೇತ್ರಕಾರ್ಯ ಮಾಡಿದ ನಮಗೆಲ್ಲ ಈ ಶಿಸ್ತು ಗೊತ್ತಿದೆ. ವಕ್ತೃವಿನ ಮಾತನ್ನು ತಿದ್ದಬಾರದೆಂಬುದು ನಾವು ಕಲಿತ ಮೊದಲ ಪಾಠ.

6

ನಮ್ಮ ಕೆಲಸ ಇಲ್ಲಿಂದ ಆರಂಭವಾಗುತ್ತದೆ. ಇರುವ ವರ್ಣನೆಗಳಲ್ಲಿ ಬಹುಪಾಲು ದೊಡ್ಡವರ ಮಾತಿನವು. ಆರು ವರ್ಷದ ಬಾಗಲಕೋಟೆಯ ಮಗು ಯಾವ ಕ್ರಿಯಾರೂಪಗಳನ್ನು ಬಳಸುತ್ತದೆ, ಎಂಟು ವರ್ಷದ್ದು ಎಷ್ಟು ಉದ್ದದ ವಾಕ್ಯ ಕಟ್ಟುತ್ತದೆ, 'ಹೋಗಿದ್ದರೆ' ಎಂಬಂಥ ರೂಪ ಎಷ್ಟನೆಯ ವಯಸ್ಸಿಗೆ ಬರುತ್ತದೆ ಎಂಬುದನ್ನು ಪ್ರಭೇದವಾರು ಬರೆದಿಟ್ಟರೆ ಪರೀಕ್ಷಿಸುವವರ ಕೈಗೆ ಅಳತೆಗೋಲು ಸಿಕ್ಕಂತಾಯಿತು. ಗೋವೆಯಲ್ಲಿ ಹುಟ್ಟಿ ಬೆಳೆದ ಮಕ್ಕಳ ಕನ್ನಡವಂತೂ ಈಗ ಬೇರೆಯೇ ಒಂದು ಪ್ರಭೇದವಾಗುತ್ತಿದೆ. ಕೊಂಕಣಿಯ 'ನುಸ್ತೆಂ' ಅದರಲ್ಲಿ ಮೀನಿನ ಜಾಗಕ್ಕೆ ಬಂದಿದೆ, ಉತ್ತರ ಕರ್ನಾಟಕದ 'ಸೂಟಿ'ಯೂ ಕೊಂಕಣಿಯ 'ಸುಟಿ'ಯೂ ಒಂದಾಗಿವೆ. ಈ ಬೆರಕೆಯನ್ನು 'ಎರಡೂ ಭಾಷೆ ಸರಿಯಾಗಿ ಬಾರದು' ಎಂದು ಬರೆಯುವ ಬದಲು, ಬೆರಕೆಗೂ ನಿಯಮವಿದೆಯೆಂದು ತೋರಿಸಿಕೊಡಬಲ್ಲವರು ನಾವೇ. ಇದು ಗೋವೆಗಷ್ಟೇ ಸೀಮಿತವೂ ಅಲ್ಲ. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ತುಳು, ಬ್ಯಾರಿ ಮನೆಮಾತಿನ ಮಕ್ಕಳಿದ್ದಾರೆ, ಬೆಳಗಾವಿಯ ಕನ್ನಡ ಶಾಲೆಗಳಲ್ಲಿ ಮರಾಠಿ, ಉರ್ದು ಮಕ್ಕಳಿದ್ದಾರೆ. ಅಲ್ಲಿ ಶಿಕ್ಷಕರ ಜಾಗದಲ್ಲಿ ಇರುವವರು ಕನ್ನಡಿಗರೇ.

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧಿಸುವ ಅನುಕೂಲ ಕಲ್ಪಿಸಬೇಕೆನ್ನುತ್ತದೆ. ಅದು ಬೋಧನೆಯ ಮಾತು. ಎಲ್ಲ ಓಣಿಗೂ ಕನ್ನಡ ಶಾಲೆ ತೆರೆಯುವುದು ಆಗದಿರಬಹುದು. ತಪಾಸಣೆಯ ಒಂದು ದಿನ ಮಗುವಿನ ಮಾತು ತಿಳಿದವರೊಬ್ಬರು ಪಕ್ಕದಲ್ಲಿ ಕುಳಿತಿರುವುದು ಅಷ್ಟು ಕಷ್ಟವಲ್ಲ. ಪ್ರವೇಶದ ಅರ್ಜಿಯಲ್ಲಿ 'ಮಾತೃಭಾಷೆ' ಎಂಬ ಒಂದು ಕಲಮಿನ ಬದಲು ಮೂರು ಇರಲಿ: ಮನೆಯಲ್ಲಿ ಆಡುವ ಮಾತು ಯಾವುದು, ಯಾವ ಊರ ಕಡೆಯದು, ಈ ಮೊದಲು ಯಾವ ಲಿಪಿಯಲ್ಲಿ ಎಷ್ಟು ವರ್ಷ ಓದಿದೆ.

ಜುವಾರಿನಗರದ ಹುಡುಗನಿಗೆ ನಾನು ಅಂದು ಒಂದು ಲೆಕ್ಕ ಕೇಳಿದೆ. ಕಿಲೋಗೆ ನಲವತ್ತರ ಬಟಾಟಿ ಮುಕ್ಕಾಲು ಕಿಲೋ ಕೊಟ್ಟರೆ ನೂರು ರೂಪಾಯಿಗೆ ಎಷ್ಟು ವಾಪಸು ಎಂದು. ಅವನು ನನ್ನ ಕಡೆ ನೋಡದೆ, ತಕ್ಕಡಿಯನ್ನು ಒರೆಸುತ್ತಲೇ "ಎಪ್ಪತ್ತ" ಎಂದ. ನಂತರ ತಾಯಿಯ ಕಡೆ ತಿರುಗಿ, "ಯವ್ವಾ, ಇವರು ಬಟಾಟಿ ತಗೋತಾರೇನ?" ಎಂದು ಕೇಳಿದ.